ಕಿವಿಯಿಂದ ನೋಡುವ ಸಿನಿಮಾ

ಫ್ರೇಯಾ ಆ ಮಾತನ್ನು ಬಿಸ್ಕತ್ತು ಅಗಿಯುತ್ತ, ಪರದೆಯಿಂದ ಕಣ್ಣು ಕೂಡ ತೆಗೆಯದೆ ಹೇಳಿದಳು.

"ಯಾರಪ್ಪಾ ಸಿನಿಮಾನ ಕಿವಿಯಿಂದ ನೋಡ್ತಾರೆ?"

ಹೇಳಿ ನಕ್ಕಳು. ಆಮೇಲೆ ಡಂಕನ್ ಥ್ಯಾಕ್ರೇ ಇಡೀ ಚಳಿಗಾಲ ಕೂತು ಕೂಡಿಸಿದ್ದ ಶಬ್ದಗಳನ್ನೆಲ್ಲ ಒಂದು ಗುಂಡಿ ಒತ್ತಿ ಮುಚ್ಚಿಬಿಟ್ಟು, ಅದರ ಮೇಲೆ ತನ್ನ ಅಣ್ಣನ ಬ್ಯಾಂಡಿನ ಡ್ರಮ್ಮು ಹಾಕಿದಳು. ಡಬ ಡಬ ಡಬ. ಮದುವೆ ಮನೆಯಲ್ಲಿ ಪಾತ್ರೆ ಬಿದ್ದ ಹಾಗಿತ್ತು. ಆ ಸಿನಿಮಾ ಸಾಯಬೇಕು ಎಂದು ಡಂಕನ್ ತೀರ್ಮಾನಿಸಿದ್ದು ಆ ಗಳಿಗೆಯಲ್ಲೇ.

ಥಾರ್ನ್‌ಸೀ ಊರಿನ ಆ ಕಾಲೇಜಿನಲ್ಲಿ ಮೀಡಿಯಾ ವಿಷಯ ತೆಗೆದುಕೊಂಡ ಕೊನೆಯ ವರ್ಷದವರು ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷವನ್ನು ಮಾಡಿ ಕೊಡಬೇಕು. ಪೂರ್ತಿ ಸಿನಿಮಾ ಬೇಡ, ಆರಂಭ ಮಾತ್ರ, ಹೆಸರುಗಳ ಪಟ್ಟಿಯ ಸಮೇತ. ವರ್ಷದ ಅರ್ಧ ಅಂಕ ಅದಕ್ಕೇ. ಡಂಕನ್‌ನ ಗುಂಪಿನಲ್ಲಿ ಮೂವರು. ಫ್ರೇಯಾ ನಿರ್ದೇಶಕಿ, ಏಕೆಂದರೆ ಮೊದಲ ದಿನವೇ "ನಾನು ನಿರ್ದೇಶಕಿ" ಎಂದು ಹೇಳಿದವಳು ಅವಳು. ವಿಲ್ಫ್ ಸಂಕಲನಕಾರ, ಏಕೆಂದರೆ ಅವನಿಗೆ ಬೇರೆ ಏನೂ ಕೊಡಲು ಯಾರಿಗೂ ಧೈರ್ಯ ಸಾಲದು. ಡಂಕನ್‌ಗೆ ಶಬ್ದ. ಉಳಿದಿಬ್ಬರಿಗೆ ಅದು ಮಿಕ್ಕಿದ ಕೆಲಸ. ಡಂಕನ್‌ಗೆ ಅದು ಪ್ರಾಣ.

ಅವರ ಕತೆಯಲ್ಲಿ ಹೆಚ್ಚಿನದೇನೂ ಇರಲಿಲ್ಲ. ಕಡಲ ತೀರದ ಒಂದು ಮರದ ಗುಡಿಸಲಿನಲ್ಲಿ ಒಬ್ಬ ಹುಡುಗಿ ಕಣ್ಣು ಬಿಡುತ್ತಾಳೆ, ಅವಳ ಕೈ ಕಟ್ಟಿದೆ, ಹೊರಗೆ ಯಾರೋ ನಡೆದು ಬರುತ್ತಿದ್ದಾರೆ. ಬರುವವನ ಮುಖ ಕಾಣುವುದಿಲ್ಲ. ಬೂಟು ಮಾತ್ರ. ಇಂಥ ಚಿತ್ರದಲ್ಲಿ ಹೆದರಿಕೆ ಎಲ್ಲಿಂದ ಬರಬೇಕು? ಕಿವಿಯಿಂದ ಬರಬೇಕು. ಇಷ್ಟು ಸಣ್ಣ ವಿಷಯ ಈ ಜನಕ್ಕೆ ತಿಳಿಯುವುದಿಲ್ಲವಲ್ಲ ಎಂದು ಡಂಕನ್ ಹಲ್ಲು ಕಡಿದುಕೊಳ್ಳುತ್ತಿದ್ದ. ಅವನು ತೀರದ ಕಲ್ಲುಹರಳನ್ನು ಬಕೆಟ್‌ನಲ್ಲಿ ಹೊತ್ತು ತಂದು, ಮನೆಯ ಸ್ನಾನದ ತೊಟ್ಟಿಗೆ ಸುರಿದು, ಅಪ್ಪನ ಬೂಟು ಹಾಕಿಕೊಂಡು ಅದರಲ್ಲಿ ನಡೆದಿದ್ದ. ತೊಟ್ಟಿಯ ಬಣ್ಣ ಕಿತ್ತುಹೋಗಿ ಅಮ್ಮನಿಂದ ಬೈಸಿಕೊಂಡಿದ್ದ. ಹಗ್ಗ ಬಿಗಿಯುವ ಸದ್ದಿಗೆ ಒದ್ದೆ ಚರ್ಮ ತಿರುಚಿದ್ದ. ಬೆರಳು ಮುರಿಯುವ ಸದ್ದಿಗೆ ಸೆಲರಿ ಸೊಪ್ಪಿನ ದಂಟು ಮುರಿದಿದ್ದ. ಹುಡುಗಿಯ ಉಸಿರು ಕೂಡ ಅವನದೇ. ಆ ಉಸಿರನ್ನು ಕಂಬಳಿಯೊಳಗೆ ಕೂತು, ತಲೆ ಸುತ್ತುವಷ್ಟು ಸಲ ಎಳೆದು ಬಿಟ್ಟು ಹಿಡಿದಿದ್ದ.

ಇದೆಲ್ಲ ಸುಮ್ಮನೆ ಮಾಡಿದ್ದೂ ಅಲ್ಲ. ಮುಂದಿನ ತಿಂಗಳು ಲಂಡನ್ನಿನ ಒಂದು ಚಿತ್ರಶಾಲೆಯಲ್ಲಿ ಅವನಿಗೆ ಸಂದರ್ಶನವಿತ್ತು. ಶಬ್ದವನ್ನೇ ಕಲಿಸುವ ಶಾಲೆ, ಬೆರಳೆಣಿಕೆಯ ಸೀಟು. ಕಾಲೇಜಿನಲ್ಲಿ ಸಲ್ಲಿಸಿದ ಚಿತ್ರ ತೆಗೆದುಕೊಂಡು ಬಾ ಎಂದಿದ್ದರು. ಡ್ರಮ್ಮು ಹೊಡೆದುಕೊಳ್ಳುವ ಎರಡು ನಿಮಿಷ ತೋರಿಸಿ "ಇದರ ಅಡಿಯಲ್ಲಿ ನನ್ನದೂ ಇತ್ತು" ಎಂದರೆ ಬಾಗಿಲು ತೋರಿಸುತ್ತಾರೆ. ಈ ಊರಲ್ಲೇ ಉಳಿದು ಮಾವನ ಮೀನಿನ ಅಂಗಡಿಯಲ್ಲಿ ಐಸು ಒಡೆಯುವುದೊಂದೇ ಆಗ ಗತಿ.

ಅವನು ಮೀಡಿಯಾ ಪಾಠ ಮಾಡುವ ಹೋಲ್ರಾಯ್ಡ್ ಸರ್ ಹತ್ತಿರವೂ ಹೋಗಿದ್ದ. ಸರ್ ಟೀ ಲೋಟದಲ್ಲಿ ಚಮಚ ತಿರುಗಿಸುತ್ತ ಎಲ್ಲ ಕೇಳಿಸಿಕೊಂಡು ಹೇಳಿದರು.

"ನೋಡಪ್ಪಾ, ನಿರ್ದೇಶಕಿ ಹೇಳಿದ್ದೇ ಕೊನೆ. ಹೊರಗಡೆ ಪ್ರಪಂಚದಲ್ಲೂ ಹಾಗೇ ಇರೋದು. ಈಗಲೇ ಅಭ್ಯಾಸ ಮಾಡ್ಕೋ."

"ಸರ್, ಹೆಸರಿನ ಪಟ್ಟೀಲಿ ನನ್ನನ್ನ 'ಸಹಾಯ' ಅಂತ ಹಾಕಿದಾಳೆ."

"ಸಹಾಯ ಮಾಡ್ದೆ ತಾನೇ?"

ಕಿವುಡನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು. ಡಂಕನ್ ಹೊರಗೆ ಬಂದು ತನ್ನ ದೊಡ್ಡ ಹೆಡ್‌ಫೋನು ಕಿವಿಗೇರಿಸಿಕೊಂಡ. ಅದು ಅವನ ಹಳೆಯ ಅಭ್ಯಾಸ. ರೆಕಾರ್ಡಿಂಗ್ ಇರಲಿ ಬಿಡಲಿ, ಕಾಲೇಜಿನ ದಾರಿಯಲ್ಲಿ, ಊಟದ ಸಾಲಿನಲ್ಲಿ, ಎಲ್ಲೆಡೆ ಅದು ಕಿವಿಯ ಮೇಲೇ ಇರುತ್ತಿತ್ತು. ಒಳಗೆ ಅಲೆ, ಗಾಳಿ, ಮಳೆಯ ಸದ್ದು. ಈ ಜನ ಆಡುವ ಮಾತಿಗಿಂತ ಅದು ಎಷ್ಟೋ ವಾಸಿ.

ಉಪಾಯ ಹೊಳೆದದ್ದು ಹಾಗೆ ನಡೆಯುವಾಗಲೇ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಚಿತ್ರವನ್ನು ಅಳಿಸಿಬಿಟ್ಟರೆ ತನಗೂ ಅಂಕವಿಲ್ಲ, ಅದು ದಡ್ಡರ ಸೇಡು. ಆದರೆ ಡಂಕನ್ ಹತ್ತಿರ ಮನೆಯಲ್ಲಿ ಒಂದು ಹಳೆಯ ಪ್ರತಿ ಇತ್ತು. ಡ್ರಮ್ಮು ಬರುವ ಮೊದಲಿನದು. ದೃಶ್ಯಗಳ ಜೋಡಣೆ ಸ್ವಲ್ಪ ಒರಟು, ಆದರೆ ಶಬ್ದ ಪೂರ್ತಿ ಅವನದೇ. ಅದು ಅವನಲ್ಲಿರುವುದು ಯಾರಿಗೂ ಗೊತ್ತಿರಲಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿರುವುದೂ, ಅದರ ಪಕ್ಕದ ಮೊಳೆಗೆ ವಿಲ್ಫ್ ನೇತುಹಾಕುವ ಪೆನ್ ಡ್ರೈವಿನಲ್ಲಿರುವುದೂ ಮಾಯವಾದರೆ, ಉಳಿಯುವುದು ಅದೊಂದೇ. ಸೋಮವಾರ ಸಲ್ಲಿಸಬೇಕು. ಮತ್ತೆ ಚಿತ್ರೀಕರಿಸೋಣ ಎಂದರೆ ಗುಡಿಸಲಿನ ಬೀಗದ ಕೈ ವಾಪಸು ಹೋಗಿದೆ, ಕ್ಯಾಮೆರಾದ ಕಾರ್ಡುಗಳ ಮೇಲೆ ಬೇರೆ ಗುಂಪಿನವರು ತಮ್ಮ ಭೂತದ ಕತೆ ತೆಗೆದಿದ್ದಾರೆ, ಹುಡುಗಿಯ ಪಾತ್ರ ಮಾಡಿದವಳು ತಲೆಗೂದಲು ಮೋಟು ಮಾಡಿಸಿ ನೀಲಿ ಬಣ್ಣ ಹಚ್ಚಿಕೊಂಡಿದ್ದಾಳೆ. ಎಲ್ಲರೂ ತಲೆ ಮೇಲೆ ಕೈ ಹೊತ್ತಾಗ ಡಂಕನ್ ಮೆಲ್ಲಗೆ, "ನನ್ನ ಹತ್ರ ಒಂದು ಹಳೇದು ಇರಬೇಕು, ನೋಡ್ತೀನಿ" ಎನ್ನಬೇಕು. ಬೆಂಕಿ ಇಟ್ಟವನೇ ಬಿಂದಿಗೆ ಹಿಡಿದು ಬಂದರೆ ಊರು ಅವನ ಕಾಲಿಗೆ ಬೀಳುತ್ತದೆ.

ತಪ್ಪು ಯಾರ ತಲೆಗೆ? ಅದಕ್ಕೆ ವಿಲ್ಫ್ ಇದ್ದನಲ್ಲ. ಗುಂಡುಮುಖದ, ಯಾವಾಗಲೂ ಏನಾದರೂ ತಿನ್ನುತ್ತಿರುವ ವಿಲ್ಫ್ ಕಂಪ್ಯೂಟರಿನಲ್ಲಿ ತನ್ನ ಹೆಸರಿನಲ್ಲೇ ಒಳಹೊಕ್ಕು ಹಾಗೇ ಬಿಟ್ಟು ಎದ್ದು ಹೋಗುವವನು. ಕಂಪ್ಯೂಟರಿನಲ್ಲೂ ಪೆನ್ ಡ್ರೈವಿನಲ್ಲೂ ಜಾಗ ಸಾಲುತ್ತಿಲ್ಲ ಎಂದು ವಾರವಿಡೀ ಹಳೆಯ ತುಣುಕುಗಳನ್ನು ಅಳಿಸುತ್ತಿದ್ದ. ಅಳಿಸುವವನ ಕೈ ಒಮ್ಮೆ ಜಾರಿತು ಎಂದರೆ ನಂಬದವರು ಯಾರು? ವಿಲ್ಫ್ ಕೂಡ ನಂಬುತ್ತಾನೆ. ಅವನು ಪಾಸಾಗುವುದು ಕಷ್ಟವಾದೀತು ಎಂಬುದು ಡಂಕನ್‌ಗೆ ಹೊಳೆಯದೆ ಇರಲಿಲ್ಲ. ಡ್ರಮ್ಮು ಹಾಕುವಾಗ ಅವನೂ ಪಕ್ಕದಲ್ಲೇ ಕೂತಿದ್ದನಲ್ಲ, ಬಾಯಿ ಬಿಟ್ಟನೇ? ಅನುಭವಿಸಲಿ.

ಗುರುವಾರ ಕಾಲೇಜಿನ ಗೇಟಿನಾಚೆ ಮೀನು ಮತ್ತು ಚಿಪ್ಸ್ ಮಾರುವ ಗಾಡಿ ಬರುತ್ತದೆ. ಊಟದ ಹೊತ್ತಿಗೆ ವಿಲ್ಫ್ ಅಲ್ಲಿ ಸಾಲಿನಲ್ಲಿ ನಿಲ್ಲುವುದು ಸೂರ್ಯ ಹುಟ್ಟಿದಷ್ಟೇ ಖಚಿತ. ಫ್ರೇಯಾಗೆ ಅದೇ ಹೊತ್ತಿಗೆ ಕಾರು ಕಲಿಯುವ ಪಾಠ. ಸಂಕಲನದ ಕೋಣೆ ಖಾಲಿ. ಅಷ್ಟು ಹೊತ್ತು ಡಂಕನ್ ಎಲ್ಲಿದ್ದ ಎಂದು ಯಾರೂ ಕೇಳಲಿಕ್ಕಿಲ್ಲ. ಕೇಳಿದರೆ? ಕೇಳಿದರೆ ಎಂಬ ಪ್ರಶ್ನೆಗೂ ಉತ್ತರ ಇಟ್ಟುಕೊಂಡವನೇ ಜಾಣ.

ಮಂಗಳವಾರದ ಸಭೆಯಲ್ಲಿ ಅವನು ಬೇಕೆಂತಲೇ ಗಟ್ಟಿಯಾಗಿ ಹೇಳಿದ. "ಗುರುವಾರ ಊಟದ ಹೊತ್ತಲ್ಲಿ ನಾನು ಪಿಯರ್ ಕೆಳಗೆ ಹೋಗಿ ಅಲೆ ರೆಕಾರ್ಡ್ ಮಾಡ್ತೀನಿ. ಡ್ರಮ್ಮಿನ ಕೆಳಗೆ ಒಂದಿಷ್ಟಾದ್ರೂ ಇರ್ಲಿ."

ಪಿಯರ್ ಎಂದರೆ ಊರಿನ ಮುಂದೆ ಕಡಲೊಳಕ್ಕೆ ಚಾಚಿಕೊಂಡ ಮರದ ಕಟ್ಟೆ. ಅದರ ಬಾಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿ.

"ಆ ದರಿದ್ರ ಹಾಡು ಬೇರೆ ಇರತ್ತೆ," ಎಂದು ಡಂಕನ್ ಗೊಣಗಿದ. ಆಟದ ಅಂಗಡಿಯವರು ಬೆಳಗಿನಿಂದ ಸಂಜೆವರೆಗೆ ಒಂದೇ ಪೀಪಿ ಹಾಡು ಹಾಕುತ್ತಿದ್ದರು. ಅದು ಅವನ ಎಷ್ಟೋ ರೆಕಾರ್ಡಿಂಗ್ ಹಾಳು ಮಾಡಿತ್ತು. "ಎಷ್ಟು ಸಲ ಬಡ್ಕೊಂಡೆ. ಈ ಗುಂಪಲ್ಲಿ ನನ್ನ ಮಾತು ಯಾರಾದ್ರೂ ಕಿವಿಗೆ ಹಾಕ್ಕೋತೀರಾ?"

ವಿಲ್ಫ್ ಏನೋ ಹೇಳಲು ಬಾಯಿ ತೆರೆದ. ಫ್ರೇಯಾ ನಡುವೆ ಬಂದಳು.

"ಶುರುವಾಯ್ತಪ್ಪಾ ಕಿವಿ ಸಾಹೇಬ್ರದ್ದು. ಹೋಗು, ರೆಕಾರ್ಡ್ ಮಾಡ್ಕೊಂಡು ಬಾ. ಬರ್ತಾ ಮೀನಿಗೆ ಒಂದು ಮುತ್ತು ಕೊಟ್ಟು ಬಾ."

ಡಂಕನ್ ಮುಗುಳ್ನಕ್ಕ. ನಗು, ಇನ್ನೆಷ್ಟು ದಿನ ನಗುತ್ತೀಯೋ ನೋಡೋಣ.

ಅವನು ಪಿಯರಿಗೆ ಹೋದದ್ದು ಗುರುವಾರವಲ್ಲ, ಬುಧವಾರ. ಇಲ್ಲಿ ಅವನ ಬುದ್ಧಿ ನಿಜಕ್ಕೂ ಹೊಳೆಯಿತು ಎಂದೇ ಹೇಳಬೇಕು. ರೆಕಾರ್ಡರಿನ ತಾರೀಕನ್ನು ಒಂದು ದಿನ ಮುಂದಿಟ್ಟ. ಭರತ ಇಳಿತದ ಹೊತ್ತು ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯಷ್ಟು ಜಾರುತ್ತದೆ ಎಂಬುದು ಕಡಲೂರಿನ ಮಕ್ಕಳಿಗೆಲ್ಲ ಗೊತ್ತು. ಆದ್ದರಿಂದ ಊಟದ ಹೊತ್ತಿಗಿಂತ ಅಷ್ಟು ಮೊದಲೇ ಹೋಗಿ ನಿಂತ, ಗಡಿಯಾರವನ್ನೂ ಅಷ್ಟೇ ಮುಂದೆ ತಿರುಗಿಸಿದ. ನೀರು ಕಂಬಗಳಿಗೆ ಎಷ್ಟು ಎತ್ತರಕ್ಕೆ ಬಡಿಯುತ್ತಿತ್ತೋ ಗುರುವಾರವೂ ಅಷ್ಟೇ ಎತ್ತರಕ್ಕೆ ಬಡಿಯುತ್ತದೆ. ಗಾಳಿ ಎರಡೂ ದಿನ ಬಡಗಣದ್ದೇ ಎಂದು ರೇಡಿಯೋ ಹೇಳಿತ್ತು. ಆಟದ ಅಂಗಡಿಯ ಚಿಲ್ಲರೆ ಕೊಡುವ ಗೂಡಿನಲ್ಲಿ ವಿಲ್ಫ್‌ನ ಅಜ್ಜಿ ಕೂರುತ್ತಾಳೆ. ಚಿತ್ರೀಕರಣದ ದಿನಗಳಲ್ಲಿ ಇವರಿಗೆಲ್ಲ ಬಿಸಿ ಟೀ ಕೊಟ್ಟವಳು, ಎಲ್ಲರನ್ನೂ "ಕಂದ" ಎನ್ನುವವಳು. ಅವಳ ಕಣ್ಣಿಗೆ ಬೀಳಬಾರದೆಂದು ದೋಣಿ ಇಳಿಸುವ ಇಳಿಜಾರಿನ ಕಡೆಯಿಂದ ಸುತ್ತಿ ಬಂದ. ಗೂಡಿನಿಂದ ಕೆಳಗಿನ ಮರಳು ಕಾಣುವುದೇ ಇಲ್ಲ, ಅದನ್ನೂ ಮೊದಲೇ ನೋಡಿಟ್ಟುಕೊಂಡಿದ್ದ.

ಮೈಕಿಗೆ ಗಾಳಿ ತಡೆಯುವ ತುಪ್ಪಳದ ಟೊಪ್ಪಿಗೆ ಹಾಕಿ ಮೈಯೆಲ್ಲ ಕಿವಿಯಾಗಿ ನಿಂತ. ಅಲೆ ಕಂಬಕ್ಕೆ ಬಡಿದು, ಹಿಂದೆ ಸರಿಯುವಾಗ ಹರಳುಗಳನ್ನು ಎಳೆದುಕೊಂಡು ಹೋಗುವ ಸದ್ದು. ಮೇಲೆ ಹಲಗೆಗಳ ಕಿರಕಿರ. ಹಿಂದೆ, ದೂರದಲ್ಲಿ, ಆ ಪೀಪಿ ಹಾಡು. ಹಿಂದೆಲ್ಲ ಅದನ್ನು ಕೇಳಿದರೆ ಪಿತ್ತ ನೆತ್ತಿಗೇರುತ್ತಿತ್ತು. ಈ ದಿನ ಅವನು ಮೈಕನ್ನು ಸ್ವಲ್ಪ ಅದರ ಕಡೆಗೇ ವಾಲಿಸಿದ. ದಿನವೂ ಇರುವ ಹಾಡು. ಅದಿದ್ದರೆ ಇದು ಪಿಯರೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ತನಗೆ ಇಷ್ಟು ದಿನ ಕಾಟ ಕೊಟ್ಟದ್ದು ಈಗ ತನ್ನ ಪರವಾಗಿ ನಿಂತಿದೆ ಎಂದು ಖುಷಿಪಟ್ಟ.

ಗುರುವಾರ ಊಟದ ಗಂಟೆ ಹೊಡೆದ ಮೇಲೆ ಎಲ್ಲರಿಗೂ ಕಾಣುವ ಹಾಗೆ ರೆಕಾರ್ಡರನ್ನು ಹೆಗಲಿಗೆ ಹಾಕಿಕೊಂಡು ಹೊರಟ. ತುಪ್ಪಳದ ಮೈಕನ್ನು ಸತ್ತ ಮೊಲದ ಹಾಗೆ ಕೈಯಲ್ಲಿ ಹಿಡಿದಿದ್ದ. ಕಿವಿಯ ಮೇಲೆ ಹೆಡ್‌ಫೋನು, ಒಳಗೆ ನಿನ್ನೆಯ ಅಲೆ. ಮೀನಿನ ಗಾಡಿಗೆ ಹೊರಟ ವಿಲ್ಫ್ ಗೇಟಿನವರೆಗೆ ಜೊತೆಗೇ ಬಂದ. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದ, ಕೈಯಾಡಿಸುತ್ತಿದ್ದ, ನಗುತ್ತಿದ್ದ. ಇವನ ಬಾಯಲ್ಲಿ ಬರುವುದು ಊಟದ ಸುದ್ದಿಯಲ್ಲದೆ ಇನ್ನೇನು? ಡಂಕನ್ ಹೆಡ್‌ಫೋನು ತೆಗೆಯುವ ಗೋಜಿಗೆ ಹೋಗದೆ ಹೆಬ್ಬೆರಳು ಎತ್ತಿ ತೋರಿಸಿದ. ವಿಲ್ಫ್ ಸಂತೋಷವಾಗಿ ಸಾಲಿನಲ್ಲಿ ನಿಂತ.

ಡಂಕನ್ ಕಡಲಿನ ಬೀದಿಗೆ ತಿರುಗಿ, ಚರ್ಚಿನ ಹಿಂದಿನಿಂದ ಬಳಸಿ, ಸೈಕಲ್ ನಿಲ್ಲಿಸುವ ಕಡೆಯ ಬಾಗಿಲಿನಿಂದ ಕಾಲೇಜಿಗೆ ವಾಪಸಾದ. ಸಂಕಲನದ ಕೋಣೆಯ ಕಂಪ್ಯೂಟರ್ ವಿಲ್ಫ್‌ನ ಹೆಸರಿನಲ್ಲಿ ತೆರೆದೇ ಇತ್ತು. ಫ್ರೇಯಾಳ ಎರಡು ನಿಮಿಷ ಸಾಯಲು ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ. ಕಸದ ಬುಟ್ಟಿಯನ್ನೂ ಬರಿದು ಮಾಡಿದ. ಮೊಳೆಯ ಮೇಲಿನ ಪೆನ್ ಡ್ರೈವನ್ನೂ ಹಾಗೇ ತೊಳೆದು, ಮೊದಲಿದ್ದ ಹಾಗೆ ನೇತುಹಾಕಿದ.

ಆ ಸಂಜೆ ಫೋನು ಬಂತು. ವಿಲ್ಫ್ ಅಳುತ್ತಿದ್ದ. ಚಿಪ್ಸ್ ತಿಂದು ಬಂದು ನೋಡಿದರೆ ಕಂಪ್ಯೂಟರಿನಲ್ಲೂ ಪೆನ್ ಡ್ರೈವಿನಲ್ಲೂ ಏನೂ ಇಲ್ಲ, ಬೆಳಿಗ್ಗೆ ಜಾಗ ಮಾಡುವಾಗ ತಾನೇ ತಪ್ಪಿ ಎಲ್ಲ ಒರೆಸಿರಬೇಕು ಎಂದ. ಡಂಕನ್ ಒಂದು ಪ್ರಶ್ನೆ ಕೂಡ ಕೇಳಬೇಕಾಗಲಿಲ್ಲ. ಅವನು ಎಲ್ಲಿದ್ದ ಎಂದು ಯಾರೂ ವಿಚಾರಿಸಲೂ ಇಲ್ಲ. ಅಷ್ಟು ಚೆಂದದ ಸಾಕ್ಷಿ ರೆಕಾರ್ಡರಿನಲ್ಲಿ ಸುಮ್ಮನೆ ಕೂತಿತ್ತು.

ಶುಕ್ರವಾರ ಬೆಳಿಗ್ಗೆ ಸಂಕಲನದ ಕೋಣೆಯಲ್ಲಿ ಸೂತಕ. ಫ್ರೇಯಾಳ ಕಣ್ಣು ಊದಿತ್ತು. ವಿಲ್ಫ್ ಮೂಲೆಯ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಅವನ ಮುಂದೆ ತಿನ್ನಲು ಏನೂ ಇರಲಿಲ್ಲ, ಅದೊಂದು ಅಪರೂಪ.

ಹೋಲ್ರಾಯ್ಡ್ ಸರ್ ಕೇಳಿದರು. "ಒಂದು ಪ್ರತಿಯಾದ್ರೂ ಬೇರೆ ಕಡೆ ಇಡ್ಬೇಕು ಅಂತ ಗೊತ್ತಾಗ್ಲಿಲ್ವಾ ನಿನಗೆ?"

"ನಂದೇ ತಪ್ಪು ಸರ್. ನನ್ನ ಅಂಕ ಎಷ್ಟು ಬೇಕಾದ್ರೂ ಕಡಿಮೆ ಮಾಡಿ. ಅವರಿಬ್ಬರದು ಬೇಡ."

ಡಂಕನ್ ಈ ಗಳಿಗೆಗಾಗಿಯೇ ಕಾದಿದ್ದ. ಗಂಟಲು ಸರಿಮಾಡಿಕೊಂಡ. "ಸರ್, ನನ್ನ ಮನೇಲಿ ಒಂದು ಹಳೇದು ಇತ್ತು. ರಾತ್ರಿಯೆಲ್ಲ ಹುಡುಕಿದೆ. ಡ್ರಮ್ಮು ಹಾಕೋ ಮುಂಚಿಂದು. ನನ್ನ ಸೌಂಡೇ ಇದೆ, ಪರವಾಗಿಲ್ಲ ತಾನೇ?"

ಫ್ರೇಯಾ ಎದ್ದು ಬಂದು ಅವನನ್ನು ತಬ್ಬಿಕೊಂಡಳು. "ನೀನು ದೇವರು ಕಣೋ. ನಿನ್ನ ಹೆಸರೇ ಮೊದಲು ಹಾಕ್ತೀನಿ. ದೊಡ್ಡ ಅಕ್ಷರದಲ್ಲಿ." ಅವಳ ಹೆಗಲ ಮೇಲಿನಿಂದ ಡಂಕನ್ ಖಾಲಿ ಗೋಡೆ ನೋಡಿದ. ಒಳಗಿನ ಉರಿ ಆರಬೇಕಿತ್ತು. ಆರಲಿಲ್ಲ. ಮಾಡಿದ್ದೆಲ್ಲ ಗೆದ್ದರೂ ಇವರು ಇನ್ನೂ ಅವನ ಕೆಲಸ ಕೇಳಿರಲಿಲ್ಲ, ಬೇರೆ ಗತಿಯಿಲ್ಲದೆ ಒಪ್ಪಿಕೊಂಡಿದ್ದರು ಅಷ್ಟೆ. ಕೇಳಿಸಲೇಬೇಕು ಎನಿಸಿತು. ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ರೆಕಾರ್ಡರನ್ನು ತೆಗೆದು ಸ್ಪೀಕರಿಗೆ ಸೇರಿಸಿದ.

"ಮೊದಲು ಇದನ್ನ ಕೇಳಿ. ಆರಂಭಕ್ಕೆ ಕಪ್ಪು ಪರದೆ, ಅದರ ಮೇಲೆ ಬರೀ ಇದು. ನಿನ್ನೆ ಊಟದ ಹೊತ್ತಲ್ಲಿ ಪಿಯರ್ ಕೆಳಗೆ ತಗೊಂಡಿದ್ದು."

ಸರ್ ದೀಪ ಆರಿಸಿದರು. ಅಲೆ ಬಂದು ಕಂಬಕ್ಕೆ ಬಡಿಯಿತು, ಹರಳುಗಳನ್ನು ಎಳೆದುಕೊಂಡು ಹಿಂದೆ ಹೋಯಿತು. ಫ್ರೇಯಾ ಕಣ್ಣು ಮುಚ್ಚಿದಳು. ಸರ್ ಟೀ ಲೋಟವನ್ನು ಸದ್ದಾಗದಂತೆ ಕೆಳಗಿಟ್ಟರು. ಮತ್ತೊಂದು ಅಲೆ. ಯಾರೂ ಕೆಮ್ಮಲಿಲ್ಲ, ಕುರ್ಚಿ ಎಳೆಯಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಎಲ್ಲರೂ ಅವನು ಮಾಡಿದ್ದನ್ನು ಕೇಳುತ್ತಿದ್ದರು.

"ಮೈ ಜುಮ್ಮಂತು ಕಣೋ," ಫ್ರೇಯಾ ಪಿಸುಗುಟ್ಟಿದಳು. "ನಾನು ಸರಿಯಾಗಿ ಕೇಳೇ ಇರ್ಲಿಲ್ಲ. ಸಾರಿ."

ಡಂಕನ್‌ನ ಕಣ್ಣಲ್ಲಿ ನೀರು ಬಂತು, ಕತ್ತಲಿದ್ದದ್ದು ಒಳ್ಳೆಯದಾಯಿತು. ಅಲೆಯ ಹಿಂದೆ, ದೂರದಿಂದ, ಪೀಪಿ ಹಾಡು ತೇಲಿ ಬಂತು.

ಮೂಲೆಯ ಸ್ಟೂಲಿನ ಮೇಲೆ ವಿಲ್ಫ್ ತಲೆ ಎತ್ತಿದ. "ಇದು ನಿನ್ನೇದಾ?" ಎಂದು ಕೇಳಿದ. ನಿನ್ನೆಯದೇ, ತಾರೀಕು ನೋಡು ಎಂದು ಡಂಕನ್ ರೆಕಾರ್ಡರಿನ ಪುಟ್ಟ ಪರದೆಯನ್ನು ಅವನ ಕಡೆ ತಿರುಗಿಸಿದ. ವಿಲ್ಫ್ ನೋಡಿದ, ಹುಬ್ಬು ಗಂಟಿಕ್ಕಿದ. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ತಿಳಿಯದ ಲೆಕ್ಕವನ್ನು ಕೇಳುವವನ ಹಾಗಿತ್ತು. "ಮತ್ತೆ ಹಾಡು ಹೆಂಗೆ ಬಂತು? ನಿನ್ನೆ ಊಟದ ಹೊತ್ತಲ್ಲಿ ಹಾಡು ಇರ್ಲಿಲ್ವಲ್ಲ. ಅದು ನಿನ್ನ ಕೆಲಸ ಹಾಳು ಮಾಡತ್ತೆ ಅಂತ ನೀನು ಪ್ರತಿ ಸಲ ಹೇಳ್ತಿದ್ದೆ, ಅದಕ್ಕೇ ಅಜ್ಜಿ ಹತ್ರ ಹೇಳಿ ಊಟದ ಗಂಟೆ ಹೊಡೆದಾಗಿಂದ ಎರಡರವರೆಗೂ ನಿಲ್ಲಿಸಿದ್ದೆ. ಗೇಟಿನ ಹತ್ರ ನಿನಗೆ ಹೇಳಿದ್ನಲ್ಲ ಕಣೋ, ನೀನು ಹೆಬ್ಬೆರಳು ತೋರಿಸ್ದೆ." ಹೋಲ್ರಾಯ್ಡ್ ಸರ್ ಎದ್ದು ದೀಪ ಹಾಕಿದರು. ವಿಲ್ಫ್‌ನ ಹೆಸರಿನಲ್ಲಿ ತೆರೆದೇ ಇದ್ದ ಕಂಪ್ಯೂಟರನ್ನು ಒಮ್ಮೆ ನೋಡಿದರು, ಆಮೇಲೆ ಡಂಕನ್‌ನನ್ನು. "ಹಾಗಾದ್ರೆ ನಿನ್ನೆ ಆ ಹೊತ್ತಲ್ಲಿ ನೀನು ಎಲ್ಲಿದ್ದೆಯಪ್ಪಾ?" ಎಂದು ಕೇಳಿದರು. ಸ್ಪೀಕರಿನಲ್ಲಿ ಹಾಡು ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.